ರೊಟ್ಟಿ ಅಂಗಡಿಗೆ ಹೆಸರು ಬರೆಸಿದ್ದು

ಟೆಕ್ಸಸ್ಸಿನ ಕೇಟಿ ಎಂಬ ಊರಿನಲ್ಲಿ ನಮ್ಮ ಬೀದಿಯ ಗ್ಯಾರೇಜು ಬಾಗಿಲುಗಳು ಬೆಳಿಗ್ಗೆ ಆರೂವರೆಗೆಲ್ಲ ಒಂದಾದ ಮೇಲೊಂದು ಮೇಲೇಳುತ್ತವೆ. ಐ-ಟೆನ್ ಹೆದ್ದಾರಿ ತುಂಬುವ ಮೊದಲು ಆಫೀಸು ಸೇರಬೇಕೆಂದು ಎಂಜಿನಿಯರುಗಳೆಲ್ಲ ಹೊರಟುಬಿಡುತ್ತಾರೆ. ಆಮೇಲೆ ಶಾಲೆಯ ಬಸ್ಸು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತದೆ. ಉಳಿಯುವವರು ನಾವು ಕೆಲವರು ಹೆಂಗಸರು. ಒಂಬತ್ತು ವರ್ಷ ನಾನು ಹಾಗೆ ಉಳಿದವಳು. ವೀಸಾ ಕಾಗದದಲ್ಲಿ ನನ್ನನ್ನು ಕರೆದದ್ದು 'ಡಿಪೆಂಡೆಂಟ್' ಎಂದು; ಗಂಡನನ್ನು ಅವಲಂಬಿಸಿದವಳು, ದುಡಿಯುವ ಹಾಗಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದಿ, ನಮ್ಮೂರು ವಿಜಯಪುರದ ಕಾಲೇಜಿನಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಪಾಠ ಹೇಳಿ ಬಂದವಳಿಗೆ ಆ ಶಬ್ದ ಕಂಡರೆ ಮೈ ಉರಿಯುತ್ತಿತ್ತು.

ಗ್ರೀನ್ ಕಾರ್ಡ್ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಲಕೋಟೆ ಒಡೆದು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಆ ಶಬ್ದ ಎಲ್ಲೂ ಇರಲಿಲ್ಲ. ಇನ್ನು ಸಣ್ಣದೋ ದೊಡ್ಡದೋ, ಏನು ಮಾಡಿದರೂ ನನ್ನ ಹೆಸರಿನಲ್ಲೇ ಮಾಡಬೇಕು, ಕಾಗದದ ಮೇಲೆ ನನ್ನ ಹೆಸರು ಇರಬೇಕು ಎಂದು ಅಡುಗೆಮನೆಯಲ್ಲಿ ನಿಂತು ನಿಶ್ಚಯ ಮಾಡಿದೆ. ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೆಸರು ಎಂದೆನಲ್ಲ, ಅಲ್ಲೇ ಒಂದು ತೊಡಕು. ನನಗೆ ಹೆಸರು ಎರಡು. ನಮ್ಮ ಕಡೆ ಮದುವೆಯ ದಿನ ಗಂಡ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹುಡುಗಿ ಆ ಹೆಸರಿನವಳು. ಅಕ್ಕಿಯ ಹೆಸರು ಆರಿಸುವುದು ಅತ್ತೆಯ ಮನೆಯವರು. ನನಗೂ ಹಾಗೆ ಒಂದು ಹೆಸರು ಬಿತ್ತು. ಆದರೆ ವರ ಅಮೆರಿಕದಲ್ಲಿದ್ದಾನೆಂದು ಮದುವೆ ನಿಶ್ಚಯವಾದ ವಾರವೇ ಅವಸರದಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದರಿಂದ ಅದರಲ್ಲಿ ತವರಿನ ಹೆಸರೇ ಉಳಿಯಿತು. ಮುಂದೆ ವೀಸಾ, ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್ ಎಲ್ಲದಕ್ಕೂ ಅದೇ ಹತ್ತಿಕೊಂಡು ಬಂತು. ಮನೆಯಲ್ಲಿ, ದೇವಸ್ಥಾನದಲ್ಲಿ, ಕೇಟಿಯ ಅಷ್ಟೂ ಗೆಳತಿಯರ ಬಾಯಲ್ಲಿ ಅಕ್ಕಿಯ ಹೆಸರು. ತವರಿನ ಹೆಸರನ್ನು ನಾನು ಕೇಳುತ್ತಿದ್ದದ್ದು ವಿಮಾನ ನಿಲ್ದಾಣದ ಅಧಿಕಾರಿಗಳಿಂದ ಮತ್ತು ದಂತವೈದ್ಯರ ಕಾಯುವ ಕೋಣೆಯಲ್ಲಿ ಮಾತ್ರ.

ಉದ್ಯೋಗ ನನ್ನನ್ನು ಹುಡುಕಿಕೊಂಡು ಬಂದದ್ದು ರೊಟ್ಟಿಯಿಂದ. ಯುಗಾದಿಯ ಊಟಕ್ಕೆ ಒಮ್ಮೆ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ ಮಾಡಿಕೊಂಡು ಹೋಗಿದ್ದೆ. ನಮ್ಮ ಕಡೆಯವರು ಅದನ್ನು ಕಂಡು ಉಳಿದ ಭಕ್ಷ್ಯಗಳ ಕಡೆ ತಿರುಗಿಯೂ ನೋಡಲಿಲ್ಲ. ಮೈಸೂರಿನ ಕಡೆಯವರೂ ಮೊದಲು ಹಪ್ಪಳವೆಂದು ಮುರಿದು ತಿಂದು, ಆಮೇಲೆ ಫೋನ್ ನಂಬರ್ ಕೇಳಿದರು. ಅಲ್ಲಿಂದ ಸುರುವಾಯಿತು. ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡುವುದಿಲ್ಲ. ಡಲ್ಲಾಸಿಗೆ ಹೊರಟವರು ಒಂದು ಕಟ್ಟು, ಆಸ್ಟಿನ್ನಿನಲ್ಲಿ ಓದುವ ಮಗನಿಗೆಂದು ಒಂದು ಕಟ್ಟು, ಹೀಗೆ ನನ್ನ ರೊಟ್ಟಿ ನನಗಿಂತ ಹೆಚ್ಚು ಟೆಕ್ಸಸ್ ತಿರುಗಿತು. ಹೊಗೆಯ ಅಲಾರಾಂ ವಾರಕ್ಕೆ ಎರಡು ಸಲ ಬಡಿದುಕೊಳ್ಳುತ್ತಿತ್ತು. ಮಗಳು ಟವೆಲ್ ಹಿಡಿದು ಅದರ ಕೆಳಗೆ ಬೀಸುತ್ತ, "ಅಮ್ಮಾ, ನಾಟ್ ಅಗೇನ್!" ಎನ್ನುತ್ತಿದ್ದಳು.

ಮರುವರ್ಷ, ಬೇಸಿಗೆಯ ಮೊದಲಲ್ಲಿ, ಕೇಟಿಯಲ್ಲಿ ಶನಿವಾರ ನಡೆಯುವ ರೈತರ ಸಂತೆಯಲ್ಲಿ ಒಂದು ಮೇಜಿಗೆ ಜಾಗ ಕೇಳಿದೆ. ಸಂತೆ ನೋಡಿಕೊಳ್ಳುವ ಹೆಂಗಸು ರೊಟ್ಟಿಯನ್ನು ಮುರಿದು ತಿಂದು, ಕಣ್ಣು ಅರಳಿಸಿ, ನಂತರ ಒಂದು ಪಟ್ಟಿ ಕೊಟ್ಟಳು. ಮನೆಯಲ್ಲಿ ಮಾಡಿದ ಕೆಡದ ತಿನಿಸು ಮಾರಲು ಈ ರಾಜ್ಯದಲ್ಲಿ ಪರವಾನಗಿ ಬೇಡ, ಆದರೆ ಅಡುಗೆ ಶುಚಿತ್ವದ ಒಂದು ಸಣ್ಣ ಕೋರ್ಸು ಮಾಡಿದ ಕಾರ್ಡು ಬೇಕು. ಪೊಟ್ಟಣದ ಮೇಲೆ ಚೀಟಿ ಬೇಕು. ಮತ್ತು ಅಂಗಡಿಗೆ ಒಂದು ಹೆಸರಿಟ್ಟು, ಅದನ್ನು ನೋಂದಾಯಿಸಿದ ಕಾಗದ ತರಬೇಕು. "ಅದು ಬಂದ ದಿನ ಮೇಜು ನಿನ್ನದು" ಎಂದಳು. ಕಾರಿನಲ್ಲಿ ಕೂತು ಆ ಪಟ್ಟಿಯನ್ನು ನಾಲ್ಕು ಸಲ ಓದಿದೆ. ಮೇಜು ನಿನ್ನದು ಎಂದು ನನಗೆ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ.

ಆ ಬೇಸಿಗೆ ಅತ್ತೆ ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳ ವಿಸಿಟರ್ ವೀಸಾ. ಎಪ್ಪತ್ತರ ಸಮೀಪ, ಗಟ್ಟಿ ಜೀವ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ನೀರು ಇನ್ನ ಕುದೀಬೇಕಿತ್ತು", "ಅಂಚು ಸೀಳಲಿಕತ್ತದ ನೋಡು" ಎಂದು ಹೇಳುತ್ತಿದ್ದರು. ಕಿರಿಕಿರಿಯಾಗುತ್ತಿತ್ತು. ಆದರೆ ಅವರು ಹೇಳಿದ್ದು ಹತ್ತಕ್ಕೆ ಹತ್ತೂ ಸರಿ ಇರುತ್ತಿತ್ತು, ಅದಕ್ಕೇ ಇನ್ನಷ್ಟು ಕಿರಿಕಿರಿ. ಪೊಟ್ಟಣದ ಚೀಟಿಯಲ್ಲಿ ಏನು ಬರೆಯಬೇಕೆಂದು ಕೇಳಿದರು. "ಇದು ಮನೆಯ ಅಡುಗೆಮನೆಯಲ್ಲಿ ಮಾಡಿದ್ದು, ಆರೋಗ್ಯ ಇಲಾಖೆಯವರು ಬಂದು ನೋಡಿಲ್ಲ ಅಂತ ಬರೀಬೇಕಂತ, ಅತ್ತಿ" ಎಂದೆ. ಅವರಿಗೆ ಭಾರೀ ಅವಮಾನವಾಯಿತು. "ನೋಡಿಲ್ಲ ಅಂದ್ರ? ಬರ್ಲಿ, ನೋಡ್ಲಿ. ದಿನಾ ಎರಡು ಸಲ ಒಲಿ ಕಟ್ಟಿ ಒರಸ್ತೀವಿ. ಚಹಾ ಮಾಡಿ ಕುಡಿಸಿ ಕಳಸೋಣಂತ."

ನನ್ನ ಗಂಡನದು ಒಂದು ವಿಚಿತ್ರ. ಆಫೀಸಿನಲ್ಲಿ ಸಮುದ್ರದ ನಡುವಿನ ತೈಲಬಾವಿಯನ್ನು ಕೇಟಿಯಿಂದಲೇ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ಮನುಷ್ಯ, ಸರ್ಕಾರದ ಕಾಗದವೆಂದರೆ ಹುಬ್ಬಳ್ಳಿಯವರಾಗಿಬಿಡುತ್ತಾರೆ. "ಸರಕಾರದ ಕೆಲಸ ಅಂದ್ರ ಎದುರಿಗೆ ನಿಂತು ಮಾಡಿಸ್ಕೊಂಡು ಬರಬೇಕು. ಕಂಪ್ಯೂಟರ್‌ದಾಗ ಬಟನ್ ಒತ್ತಿದ್ರ ಎಲ್ಲಿಗೆ ಹೋತೋ ಏನೋ, ಯಾರಿಗೆ ಗೊತ್ತು" ಎಂದರು. ಡಲ್ಲಾಸಿನ ಉತ್ತರಕ್ಕೆ ಮೆಕಿನ್ನಿಯಲ್ಲಿ ಅವರ ಗೆಳೆಯರೊಬ್ಬರಿದ್ದಾರೆ, ಬೆಂಗಳೂರಿನವರು. ಅವರನ್ನು ಕೇಳಿದರು. ಫೋನಿನ ಸ್ಪೀಕರಿನಲ್ಲಿ ಉತ್ತರ ಬಂತು: "ಕಣ್ಣು ಮುಚ್ಕೊಂಡು ಆಸ್ಟಿನ್‌ಗೆ ಹೋಗ್ಬಿಡಿ ಸಾರ್. ಕಂಪನಿ ರಿಜಿಸ್ಟರ್ ಆಗೋದು ಅಲ್ಲೇ. ನನ್ನ ಮೂರು ಕಂಪನಿನೂ ಅಲ್ಲೇ ಆಗಿದ್ದು."

ಗಂಡ ಒಂದು ದಿನ ರಜೆ ಹಾಕಿದರು. ರಾಜಧಾನಿ ಆಸ್ಟಿನ್ನಿಗೆ ಮೂರು ತಾಸಿನ ಹಾದಿ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ರೊಟ್ಟಿಯ ಡಬ್ಬಿ, ಅದರ ಪಕ್ಕದಲ್ಲಿ ಗಂಡ ಕಟ್ಟಿದ ಫೈಲು. ಅದರಲ್ಲಿ ನನ್ನ ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಮನೆಯ ನೀರಿನ ಬಿಲ್ಲಿನವರೆಗೆ ಎಲ್ಲದರ ಮೂರು ಮೂರು ಜೆರಾಕ್ಸ್, ಪ್ರತಿಯೊಂದರ ಮೇಲೂ 'ಟ್ರೂ ಕಾಪಿ' ಎಂದು ಬರೆದು ಸಹಿ, ಜೊತೆಗೆ ನನ್ನವೂ ಅತ್ತೆಯವೂ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ಅತ್ತೆಯ ಫೋಟೋ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆಸ್ಟಿನ್ನಿನ ಕಚೇರಿಯ ಕಿಟಕಿಯಲ್ಲಿದ್ದ ತರುಣ ಫೈಲು ತೆರೆದು, ಫೋಟೋಗಳನ್ನು ಎತ್ತಿ ನೋಡಿ, "ಇವು ಯಾರಿಗೆ ಕೊಡುವುದಕ್ಕೆ?" ಎಂದು ವಿನಯದಿಂದ ಕೇಳಿದ. ಗಂಡ, "ನಿಮಗೇ" ಎಂದರು. ಅವನು ಫೋಟೋಗಳನ್ನು ಜೋಡಿಸಿ ವಾಪಸು ಇಟ್ಟು ವಿವರಿಸಿದ. ಕಂಪನಿ ಎಂದು ಬೇರೆಯಾಗಿ ಕಟ್ಟುವುದಾದರೆ ಈ ಕಚೇರಿ, ಅದನ್ನೂ ಮನೆಯಿಂದಲೇ ಕಳಿಸಬಹುದು. ಒಬ್ಬರೇ ಮನೆಯಲ್ಲಿ ಮಾಡಿ, ಒಂದು ಅಂಗಡಿಯ ಹೆಸರಿನಲ್ಲಿ ಮಾರುವುದಾದರೆ ತಾಲೂಕು ಕಚೇರಿಯಂಥ ನಿಮ್ಮ ಕೌಂಟಿಯ ಕಚೇರಿಗೆ ಹೋಗಿ. ಫಾರ್ಮು ಒಂದು ಹಾಳೆಯದು. ಮಾಲೀಕರು ಸ್ವತಃ ಹೋಗಿ ಗುಮಾಸ್ತೆಯ ಎದುರಿಗೆ ಸಹಿ ಹಾಕಬೇಕು, ಅಷ್ಟೇ.

"ಒಂದ ಹಾಳಿ?" ಎಂದು ಗಂಡ ಹೊರಗೆ ಬಂದ ಮೇಲೆ ಮೂರು ಸಲ ಅಂದರು. ಅವರ ಮುಖ ನೋಡಿ ನನಗೆ ನಗು ಬಂತು, ಪಾಪವೂ ಅನ್ನಿಸಿತು. ರಾಜ್ಯದ ಶಾಸನಸಭೆಯ ದೊಡ್ಡ ಗುಮ್ಮಟದ ಕಟ್ಟಡದ ಮುಂದಿನ ಹುಲ್ಲಿನ ಮೇಲೆ ಓಕ್ ಮರದ ನೆರಳಿನಲ್ಲಿ ಕೂತು ರೊಟ್ಟಿ ತಿಂದೆವು. ಅತ್ತೆ ಕತ್ತೆತ್ತಿ ಗುಮ್ಮಟ ನೋಡಿ, "ಚಂದದ. ಆದ್ರ ನಿಮ್ಮೂರಿನ ಗೋಳಗುಮ್ಮಟದ ಮುಂದ ಏನಿಲ್ಲ ಬಿಡು" ಎಂದು ನನ್ನ ಪಕ್ಷ ವಹಿಸಿದರು. ಅಂದು ಅವರ ಮೇಲೆ ನನಗೆ ಪ್ರೀತಿ ಬಂದಿತ್ತು. ಅದು ಉಳಿದದ್ದು ಮಾರನೆಯ ಸಂಜೆಯವರೆಗೆ.

ಮಾರನೆಯ ಸಂಜೆ ಗಂಡ ಆಫೀಸಿನಿಂದ ಆ ಒಂದು ಹಾಳೆಯನ್ನು ಪ್ರಿಂಟ್ ಮಾಡಿ, ಚೆಂದದ ಅಕ್ಷರದಲ್ಲಿ ತುಂಬಿಯೇ ತಂದರು. ಅಂಗಡಿಯ ಹೆಸರಿನ ಜಾಗದಲ್ಲಿ ಮನೆದೇವರ ಹೆಸರು. ಮಾಲೀಕರು ಎಂಬ ಜಾಗದಲ್ಲಿ ಅತ್ತೆಯ ಹೆಸರು.

ನಾನು ಹಾಳೆ ಹಿಡಿದುಕೊಂಡು ನಿಂತೆ. ಅತ್ತೆ ಮೊಮ್ಮಗಳ ಜೊತೆ ಹಿತ್ತಿಲಿನಲ್ಲಿದ್ದರು. ಗಂಡ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಮನ್ಯಾಗ ಹಿರೇರು ಇರುವಾಗ ನಮ್ಮ ಹೆಸರಲೆ ಅಂಗಡಿ ತೆಗಿಯೂದು ಬರೋಬರಿ ಅಲ್ಲ. ಅಪ್ಪನ ಕಿರಾಣಿ ಅಂಗಡಿ ಅಜ್ಜನ ಹೆಸರಲೆ ಇತ್ತು. ಅಜ್ಜ ಹೋದ ಮ್ಯಾಲೆ ಅಪ್ಪನ ಹೆಸರಿಗೆ ಬಂತು. ಅವ್ವನ ಹೆಸರಲೆ ಯಾವತ್ತೂ ಏನೂ ಇದ್ದಿಲ್ಲ. ಒಂದು ಇರ್ಲಿ ಅಂತ. ಹೆಂಗಿದ್ರೂ ಮಾಡಾಕಿ ನೀನ. ನಾಮಕಾವಾಸ್ತೆ ಅಷ್ಟ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆಯ ಪದ್ಧತಿ ಹಾಗೆಯೇ. ಅಂಗಡಿ, ಹೊಲ, ಮನೆ, ಕೊನೆಗೆ ಗ್ಯಾಸ್ ಸಿಲಿಂಡರ್ ಸಹ ಮನೆಯಲ್ಲಿ ಹಿರಿಯರಾಗಿರುವವರ ಹೆಸರಿನಲ್ಲಿ. ತಾಯಿಯ ಮೇಲಿನ ಪ್ರೀತಿಯಿಂದಲೇ ಬರೆದಿದ್ದರು ಎಂಬುದೂ ನನಗೆ ಗೊತ್ತು. 'ಇದು ನನ್ನದು' ಎಂದರೆ ಅತ್ತೆಯ ಹೆಸರು ಕಂಡರೆ ಆಗದ ಸೊಸೆಯಾಗುತ್ತೇನೆ. ಅನ್ನದಿದ್ದರೆ ಒಂಬತ್ತು ವರ್ಷ ಕಾದದ್ದು ನಾಮಕಾವಾಸ್ತೆ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ನಾನು "ಹೂಂ" ಎಂದೆ.

ಆಮೇಲೆ ಎರಡು ದಿನ ಸಿಟ್ಟೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಂಡೆ. ಅತ್ತೆ ಸ್ಟೂಲಿನ ಮೇಲೆ ಕೂತು, "ಇವತ್ತು ರೊಟ್ಟಿ ಭಾಳ ತೆಳ್ಳಗ ಆಗ್ಯಾವ. ಹಿಂಗ ಬಡೀಬೇಕು" ಎಂದು ಮೆಚ್ಚಿಕೊಂಡರು.

ಗಂಡನಿಗೆ ಮತ್ತೆ ರಜೆ ಸಿಗಲಿಲ್ಲ. ಸೋಮವಾರ ನಾನೇ ಅತ್ತೆಯನ್ನು ಕರೆದುಕೊಂಡು ಹೊರಟೆ. ಅವರಿಗೆ ಗಂಡ ಹೇಳಿದ್ದು, "ಅವ್ವಾ, ಅಲ್ಲೊಂದು ಸಹಿ ಮಾಡಿ ಬಾ" ಎಂದಷ್ಟೇ. ಅವರು ಯಾಕೆ ಎಂದು ಕೇಳಲಿಲ್ಲ. ಮಾವ ಇದ್ದಾಗ ಮಾವ ತೋರಿಸಿದ ಕಡೆ, ಮಾವ ಹೋದ ಮೇಲೆ ಮಗ ತೋರಿಸಿದ ಕಡೆ ಕನ್ನಡದಲ್ಲಿ ಗುಂಡಗೆ ಸಹಿ ಹಾಕುವುದು ಅವರಿಗೆ ಮೊದಲಿನಿಂದ ರೂಢಿ. ಶುಭಕಾರ್ಯವೆಂದು ಇಳಕಲ್ ಸೀರೆ ಉಟ್ಟುಕೊಂಡು, ಹಣೆಗೆ ದೊಡ್ಡ ವಿಭೂತಿ ಹಚ್ಚಿಕೊಂಡು ಕಾರಿನಲ್ಲಿ ಕೂತರು.

ಮೊದಲು ಹೋದದ್ದು ಹತ್ತಿರದ ಕಚೇರಿಗೆ. ಅಲ್ಲಿಯ ಹುಡುಗಿ ವಿಳಾಸ ಟೈಪ್ ಮಾಡಿ ತಲೆಯಾಡಿಸಿದಳು. ಕೇಟಿ ಎಂಬ ಊರು ಮೂರು ಕೌಂಟಿಗಳ ಮೇಲೆ ಕೂತಿದೆ. ನಮ್ಮ ಮನೆ ಇರುವುದು ಪಕ್ಕದ ಕೌಂಟಿಯಲ್ಲಿ. ಹತ್ತು ವರ್ಷ ಅಲ್ಲೇ ಇದ್ದು ನಾನು ಅದನ್ನು ಗಮನಿಸಿರಲಿಲ್ಲ, ಕಾಗದಪತ್ರವೆಲ್ಲ ಗಂಡನದೇ ಆಗಿತ್ತಲ್ಲ. ಮತ್ತೆ ಅರ್ಧ ತಾಸು ಡ್ರೈವ್ ಮಾಡಿದೆ. ದಾರಿಯಲ್ಲಿ ಅತ್ತೆ, "ಊರು ಒಂದು, ತಾಲೂಕು ಮೂರು. ನಮ್ಮ ಕಡೆ ಹಿಂಗಿದ್ರ ದಿನಾ ಜಗಳ" ಎಂದರು. ಆ ಹಾಳೆ ನನ್ನ ಚೀಲದಲ್ಲಿತ್ತು, ನನಗೆ ಅದರದೇ ಧ್ಯಾನ.

ಎರಡನೆಯ ಕಚೇರಿ ತಣ್ಣಗೆ, ಖಾಲಿಯಾಗಿತ್ತು. ಗಾಜಿನ ಹಿಂದೆ ಅತ್ತೆಗಿಂತ ಹತ್ತು ವರ್ಷ ಚಿಕ್ಕವಳಿರಬಹುದಾದ ಗುಮಾಸ್ತೆ, ಕನ್ನಡಕ ದಾರದಲ್ಲಿ ಇಳಿಬಿದ್ದಿತ್ತು. ಅತ್ತೆಯ ಸೀರೆಯ ಸೆರಗು ನೋಡಿ, "ಎಷ್ಟು ಸುಂದರವಾಗಿದೆ" ಎಂದಳು. ಅತ್ತೆ ಅರ್ಥವಾದವರಂತೆ ನಕ್ಕು "ಥ್ಯಾಂಕ್ಯೂ" ಎಂದರು. ಗುಮಾಸ್ತೆ ಹಾಳೆ ಓದಿದಳು. ಅತ್ತೆಯ ಪಾಸ್‌ಪೋರ್ಟು ನೋಡಿದಳು. ಮೊದಲು ಅಂಗಡಿಯ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಮ್ಮ ಮನೆದೇವರ ಹೆಸರಿನ ಅಂಗಡಿಗಳು ಉದ್ದಕ್ಕೆ ಸಾಲುಗಟ್ಟಿದ್ದವು: ಪೆಟ್ರೋಲ್ ಬಂಕು, ಮೋಟೆಲು, ಟ್ಯಾಕ್ಸ್ ಲೆಕ್ಕ ಬರೆಯುವವರು. "ಇದೇ ಹೆಸರು ಕೊಟ್ಟರೂ ನಾನು ತೆಗೆದುಕೊಳ್ಳುತ್ತೇನೆ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಬೇರೆಯದು ಯೋಚಿಸುತ್ತಿದ್ದೆ" ಎಂದಳು. ನಾನು ಅತ್ತೆಗೆ ಹೇಳಿದೆ. ಅವರು ಕೈ ಮುಗಿದು, "ಅವಗ ಇಷ್ಟೆಲ್ಲ ಅಂಗಡಿ ಅದಾವಲ್ಲ, ಇನ್ನೊಂದು ಯಾಕ ಬೇಕು?" ಎಂದರು.

"ಅದು ಇರಲಿ, ಮೊದಲು ಮಾಲೀಕರದು ಮುಗಿಸೋಣ" ಎಂದು ಗುಮಾಸ್ತೆ ಎದ್ದು ನಿಂತು, ಅತ್ತೆಯನ್ನು ನೇರವಾಗಿ ನೋಡಿ, ಬಲಗೈ ಎತ್ತಲು ಹೇಳಿದಳು. ನಾನು ತೋರಿಸಿದೆ, ಅತ್ತೆ ಎತ್ತಿದರು. ಬಳೆಗಳು ಮೊಳಕೈಯವರೆಗೆ ಜಾರಿದವು. ಈ ಕಾಗದದಲ್ಲಿ ಬರೆದದ್ದು ನಿಜ, ಈ ಉದ್ಯೋಗದ ಮಾಲೀಕಳು ನಾನೇ ಎಂದು ಪ್ರಮಾಣ ಮಾಡುತ್ತೀರಾ ಎಂದು ಆಕೆ ಕೇಳಿದಳು. ನಂತರ ಇಬ್ಬರೂ ನನ್ನ ಕಡೆ ನೋಡಿದರು.

ನಾನು ಹೇಳಿದ್ದು, "ಅತ್ತಿ, ಹೂಂ ಅನ್ರಿ. ಸಾಕು."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಳೆದುಕೊಳ್ಳುವುದಿದ್ದರೆ ಬೇಗ ಕಳೆದುಕೊಂಡು ಮನೆಗೆ ಹೋಗೋಣ ಎನ್ನಿಸಿತ್ತು. ಅತ್ತೆ ಕೈ ಇಳಿಸಲಿಲ್ಲ, ಹೂಂ ಎನ್ನಲೂ ಇಲ್ಲ.

"ಆಕಿ ಏನು ಕೇಳಿದಳು, ಮೊದಲು ಅದನ್ನ ಹೇಳು."

"ಈ ಉದ್ಯೋಗ ನಿಮ್ಮದು ಹೌದಂತ ಆಣಿ ಮಾಡಿ ಹೇಳಬೇಕಂತ."

"ಆಣಿ?"

"ಹೂಂ. ಆಣಿ."

ಎತ್ತಿದ ಕೈ ಕೆಳಗೆ ಬಂತು. ಅತ್ತೆ ಬಾಗಿ ಹಾಳೆ ನೋಡಿದರು. ಇಂಗ್ಲಿಷ್ ಓದಲು ಬಾರದು, ಆದರೆ ಪಾಸ್‌ಪೋರ್ಟಿನಲ್ಲಿ ನೋಡಿ ನೋಡಿ ತಮ್ಮ ಹೆಸರಿನ ಆಕಾರ ಅವರಿಗೆ ಗೊತ್ತು. ಅದರ ಮೇಲೆ ಬೆರಳಿಟ್ಟರು. "ಇದರಾಗ ನನ್ನ ಹೆಸರು ಯಾರು ಬರೆದ್ರು?"

"ನಿಮ್ಮ ಮಗ. ಹಿರೇರದು ಇರ್ಲಿ ಅಂತ."

"ಹುಚ್ಚ ಅದಾನ" ಎಂದರು, ಸಿಟ್ಟಿಲ್ಲದೆ. "ನಾ ಆರು ತಿಂಗಳಿಗೆ ಬಂದಾಕಿ. ಬೆಳಗ ಎದ್ದು ರೊಟ್ಟಿ ಬಡಿಯಾಕಿ ನೀನು. ಹೊಗಿ ಕುಡಿಯಾಕಿ ನೀನು. ಕುಂತು ತಪ್ಪು ಹುಡುಕಿ ಹೆಸರಿಡಾಕಿ ನಾನು. ಸುಳ್ಳು ಆಣಿ ಮಾಡಿ ಊರಿಗೆ ಹೋಗ್ಲೇನು?" ಗುಮಾಸ್ತೆಯ ಕಡೆ ತಿರುಗಿ ಗಟ್ಟಿಯಾಗಿ "ನೋ" ಎಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ತಮಗೆ ಗೊತ್ತಿದ್ದ ಇನ್ನೊಂದು ಇಂಗ್ಲಿಷ್ ಶಬ್ದ ಹೇಳಿದರು, "ಯೆಸ್."

ಗುಮಾಸ್ತೆ ನನ್ನ ಮುಖ ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ, ಏನೂ ಕೇಳದೆ ಹಳೆಯ ಹಾಳೆಯನ್ನು ನನಗೆ ಕೊಟ್ಟು, ಹೊಸ ಖಾಲಿ ಹಾಳೆಯೊಂದನ್ನು ಗಾಜಿನ ಕೆಳಗೆ ಸರಿಸಿದಳು. ನನ್ನ ಲೈಸೆನ್ಸ್ ಕೇಳಿ ತೆಗೆದುಕೊಂಡು, ಅದರಲ್ಲಿದ್ದ ಹೆಸರನ್ನು ನಿಧಾನವಾಗಿ ಗಟ್ಟಿಯಾಗಿ ಓದಿ, ಸರಿಯಾಗಿ ಹೇಳಿದೆನೇ ಎಂದಳು. ತುಂಬಿಕೊಂಡು ಬರಲು ಹೇಳಿ ಬೆಂಚು ತೋರಿಸಿದಳು.

ಆ ಹಳೆಯ ಹಾಳೆಗೆ ಸಹಿ ಬಿದ್ದಿದ್ದರೆ ಎಂಥ ಪೇಚಾಟವಾಗುತ್ತಿತ್ತು ಎಂದು ತಿಳಿದದ್ದು ಮುಂದೆ. ವಿಸಿಟರ್ ವೀಸಾದಲ್ಲಿ ಬಂದವರು ಸಂತೆಯಲ್ಲಿ ಅಂಗಡಿ ಇಟ್ಟಿದ್ದಾರೆಂದು ಸರ್ಕಾರದ ಕಾಗದ ಹೇಳುತ್ತಿದ್ದರೆ ಮುಂದಿನ ಸಲ ವೀಸಾ ಕೊಡುವವರು ಸುಮ್ಮನಿರುತ್ತಿರಲಿಲ್ಲ. ಇಬ್ಬರು ಓದಿದವರು ಕೂಡಿ ಮಾಡಿದ ಆ ದಡ್ಡತನದಿಂದ ನಮ್ಮನ್ನು ಪಾರು ಮಾಡಿದವರು ನಾಲ್ಕನೇ ಇಯತ್ತೆ ಕಲಿತ ಹೆಂಗಸು.

ಬೆಂಚಿನ ಮೇಲೆ ಕೂತ ಮೇಲೆ ಅತ್ತೆ ಕೇಳಿದರು, "ಆಕಿ ಈಗ ಯಾರ ಹೆಸರು ಓದಿದಳು?"

"ನಂದ, ಅತ್ತಿ. ತವರುಮನಿ ಹೆಸರು. ಕಾಗದದಾಗೆಲ್ಲ ಅದ ಅದ."

"ನಾ ಮರತ ಬಿಟ್ಟಿದ್ದೆ ನೋಡು. ಅಕ್ಕಿಯೊಳಗ ಬರಿಯೋ ಹೆಸರು ನಾನ ಆರಿಸಿದ್ದೆ, ನನ್ನ ಅತ್ತಿ ನನಗ ಆರಿಸಿದಂಗ. ನಿನ್ನ ಕೇಳಿದ್ದಿಲ್ಲ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ನನ್ನನ್ನೂ ಯಾರೂ ಕೇಳಿದ್ದಿಲ್ಲ."

ಹತ್ತು ವರ್ಷ ಅವರ ಸೊಸೆಯಾಗಿದ್ದೆ. ಅವರಿಗೂ ಒಂದು ತಟ್ಟೆ, ಒಂದು ಉಂಗುರ, ಅದಕ್ಕೂ ಮೊದಲು ಒಂದು ಹೆಸರು ಇದ್ದಿರಬೇಕು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಏನಿತ್ತು ಆ ಹೆಸರು ಎಂದು ಕೇಳಿದೆ.

ಅವರು ಮೊದಲು ನಕ್ಕರು. "ಯಾಕ ಬಿಡು, ಹಳೀದು." ಆಮೇಲೆ ಆಚೀಚೆ ನೋಡಿ, ಆ ಖಾಲಿ ಕಚೇರಿಯಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು. ಒಂದು ಹೂವಿನ ಹೆಸರು, ಮೂರು ಅಕ್ಷರ. "ಮದುವಿ ಆದ ಮ್ಯಾಲೂ ನಮ್ಮಣ್ಣ ಒಬ್ಬಾವ ಕರೀತಿದ್ದ. ಹಿತ್ತಲ ಬಾಗಿಲಾಗ ನಿಂತು ಅಂಗಳಕ್ಕೆಲ್ಲ ಕೇಳೋ ಹಂಗ ಕೂಗ್ತಿದ್ದ. ಅವ ಹೋಗಿ ಭಾಳ ವರ್ಷ ಆತು. ನಿನ್ನ ಗಂಡಗೂ ಗೊತ್ತಿಲ್ಲ ಇದು." ಅಷ್ಟು ಹೇಳಿ, ಎದುರಿನ ಗೋಡೆಯ ಮೇಲಿದ್ದ ಟೆಕ್ಸಸ್ಸಿನ ನಕ್ಷೆ ನೋಡುತ್ತ ಕೂತರು.

ನಾನು ಹಾಳೆ ತುಂಬಿದೆ. ಮಾಲೀಕರು ಎಂಬ ಜಾಗದಲ್ಲಿ ನನ್ನ ಹೆಸರು ಬರೆದೆ, ಲೈಸೆನ್ಸಿನಲ್ಲಿ ಇದ್ದಂತೆ, ಅಪ್ಪ ಶಾಲೆಗೆ ಸೇರಿಸುವಾಗ ಹೇಳಿದಂತೆ. ಅಂಗಡಿಯ ಹೆಸರಿನ ಜಾಗ ಉಳಿದಿತ್ತು. ಪೆನ್ನು ಹಿಡಿದುಕೊಂಡು ಪಕ್ಕಕ್ಕೆ ನೋಡಿದೆ. ಅತ್ತೆ ನಕ್ಷೆಯನ್ನೇ ನೋಡುತ್ತಿದ್ದರು. ನಾನು ಆ ಮೂರು ಅಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಮುಂದೆ 'ರೊಟ್ಟಿ' ಎಂದು ಸೇರಿಸಿದೆ. ಅವರಿಗೆ ಹೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ಕಿಟಕಿಗೆ ಹೋಗಿ ಬಲಗೈ ಎತ್ತಿದೆ. ಗುಮಾಸ್ತೆ ಕೇಳಿದ್ದಕ್ಕೆ ಹೌದು, ಇದು ನನ್ನದೇ ಎಂದೆ. ಸಹಿ ಹಾಕಿದೆ. ಅವಳು ಹುಡುಕಿ ನೋಡಿದಳು. ಆ ಹೆಸರಿನ ಅಂಗಡಿ ಇಡೀ ಕೌಂಟಿಯಲ್ಲಿ ಬೇರೆ ಇರಲಿಲ್ಲ. ಮುದ್ರೆ ಹಾಕಿದ ಪ್ರತಿ ತಯಾರಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದ ಕೂಡಲೇ ಕೂಗುತ್ತೇನೆ ಎಂದಳು. ನಾನು ಬಂದು ಅತ್ತೆಯ ಪಕ್ಕದಲ್ಲಿ ಕೂತೆ.

"ಆತೇನು?"

"ಆತ್ರಿ."

"ನಿನ್ನ ಹೆಸರಲೆ?"

"ಹೂಂ. ನನ್ನ ಹೆಸರಲೆ."

"ಛಲೋ ಆತು" ಎಂದು ಅವರು ನನ್ನ ಮೊಣಕಾಲು ತಟ್ಟಿದರು. ಮನೆಗೆ ಹೋಗಿ ಸಜ್ಜಕ ಮಾಡೋಣ, ರವೆ ಇದೆಯೋ ಇಲ್ಲವೋ ಎಂದು ವಿಚಾರಿಸಿದರು. ರವೆ ಇದೆ, ಬೆಲ್ಲ ತರಬೇಕು ಎಂದೆ. ದಾರಿಯಲ್ಲಿ ಯಾವ ಅಂಗಡಿ ಎಂದು ಮಾತಾಡುತ್ತಿದ್ದಾಗ ಕಿಟಕಿಯ ಹಿಂದಿನಿಂದ ಗುಮಾಸ್ತೆ ಕಾಗದ ಹಿಡಿದು ಎದ್ದು ನಿಂತಳು. ಕನ್ನಡಕ ಸರಿಮಾಡಿಕೊಂಡು ಅಂಗಡಿಯ ಹೆಸರು ಕೂಗಿದಳು. 'ರೊಟ್ಟಿ'ಗೆ ಅವಳ ನಾಲಗೆ ಹೊರಳಲಿಲ್ಲ, ಅದನ್ನು ಬಿಟ್ಟು ಮೊದಲಿನ ಹೂವಿನ ಹೆಸರನ್ನೇ ಇನ್ನೊಮ್ಮೆ, ಇಡೀ ಕೋಣೆಗೆ ಕೇಳುವಂತೆ ಕೂಗಿದಳು.

ಬೆಲ್ಲದ ಮಾತು ಅರ್ಧಕ್ಕೆ ನಿಂತಿತು. ನಾನು ಏಳುವುದರೊಳಗೆ ಅತ್ತೆ ಬೆಂಚಿನಿಂದ ಎದ್ದು ನಿಂತಿದ್ದರು.

"ಓ," ಎಂದರು, "ಬಂದೆ."